ಈ ಸೀನು ನನ್ನದೇ

ಸಾರ್ವಜನಿಕ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತಿ ಕೊಡುವ ಕೌಂಟರಿನ ಹಿಂದೆ ಕೂರುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಓದುವ ಕೋಣೆಯಲ್ಲಿ ಯಾರಾದರೂ ಪಿಸುಗುಟ್ಟಿದರೆ ತುಟಿಗೆ ಬೆರಳಿಟ್ಟು ‘ಶ್ಶ್’ ಅನ್ನುವುದೂ ಅವನ ಕೆಲಸಗಳಲ್ಲೊಂದು. ಅದನ್ನು ಅವನು ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದನೆಂದರೆ ಓದುಗರೆಲ್ಲ ಸೇರಿ ಅವನಿಗೆ ಶ್ಶಣ್ಣ ಎಂದು ಹೆಸರಿಟ್ಟಿದ್ದರು. ಪುಟ ಜೋರಾಗಿ ಮಗುಚಿದರೆ ಶ್ಶ್. ಕುರ್ಚಿ ಕಿರ್ ಅಂದರೆ ಶ್ಶ್. ಗೋಡೆ ಗಡಿಯಾರ ಗಂಟೆ ಹೊಡೆದಾಗ ಅಭ್ಯಾಸಬಲದಿಂದ ಅದಕ್ಕೂ ಒಮ್ಮೆ ಶ್ಶ್ ಅಂದಿದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಇಂಥ ಮನುಷ್ಯನಿಗೆ ದೇವರು ಒಂದು ಸೀನು ಕೊಟ್ಟಿದ್ದ. ಅದು ನಾವು ನೀವು ಸೀನುವಂಥ ಸೀನಲ್ಲ. ಮೊದಲು ‘ಹಾ… ಹಾ…’ ಎಂದು ಎರಡು ಸಲ ಮುನ್ಸೂಚನೆ. ಆಮೇಲೆ, ಬೇಡ ಬಿಡು ಎಂದು ಮನಸ್ಸು ಬದಲಾಯಿಸಿದಂತೆ ಒಂದು ಮೌನ. ಎದುರಿಗಿದ್ದವರು ನಿಟ್ಟುಸಿರು ಬಿಡುವಷ್ಟರಲ್ಲಿ ಕಿಟಕಿ ಗಾಜು ಅದುರುವಂಥ ‘ಆಕ್ಷೀ’. ಅದರ ಬಾಲದಲ್ಲಿ ಕುಕ್ಕರಿನ ಆವಿ ಇಳಿದಂತೆ ಸಣ್ಣಗೆ ‘ಉಯ್ಯೀ’ ಎಂಬ ಸೀಟಿ. ಹಳೇ ಪುಸ್ತಕಗಳ ದೂಳಿನಲ್ಲಿ ದಿನಕ್ಕೊಮ್ಮೆಯಾದರೂ ಅದು ಬರುತ್ತಿತ್ತು. ಬಂದ ಕೂಡಲೇ ಶ್ಶಣ್ಣ ನ್ಯಾಯ ತಪ್ಪದೆ ತನಗೆ ತಾನೇ ‘ಶ್ಶ್’ ಅಂದುಕೊಳ್ಳುತ್ತಿದ್ದ.

ಒಂದು ಭಾನುವಾರ ಅವನ ಭಾವಮೈದ ಎರಡು ದೊಡ್ಡ ಸ್ಪೀಕರುಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದಿಳಿದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಈ ಭಾವಮೈದನಿಗೆ ರಾಕ್ ಸಂಗೀತದ ಹುಚ್ಚು. ಅವನ ಮನೆ ಮಾಲೀಕರು ಹಾಡು ಗೀಡು ಹಾಕಿದರೆ ಮನೆ ಖಾಲಿ ಮಾಡಿ ಎಂದಿದ್ದರಿಂದ, ಹೊಸ ಆಲ್ಬಮ್ ಬಂದಾಗಲೆಲ್ಲ ಅಕ್ಕನ ಮನೆಗೇ ಬರುತ್ತಿದ್ದ. ಈ ಸಲ ತಂದದ್ದು ಜಟಾಧಾರಿಯ ಆಲ್ಬಮ್. ಸೊಂಟದವರೆಗೆ ಕೂದಲು ಬಿಟ್ಟು, ಮೈದಾನಗಟ್ಟಲೆ ಜನರನ್ನು ಕುಣಿಸಿದ ಆ ಜಗತ್ಪ್ರಸಿದ್ಧ ಗಾಯಕನನ್ನು ಅಭಿಮಾನಿಗಳು ಕರೆಯುತ್ತಿದ್ದುದೇ ಹಾಗೆ. ಆತನಿಗೆ ಇದ್ದಕ್ಕಿದ್ದಂತೆ ಹಾಡಿನ ಮೇಲೆ ಬೇಸರ ಬಂದಿತ್ತಂತೆ. ತಲೆ ಬೋಳಿಸಿಕೊಂಡು, ಟೋಪಿಯೊಳಗೆ ಮೈಕು ಅಡಗಿಸಿಕೊಂಡು, ಯಾರಿಗೂ ಗುರುತು ಸಿಗದಂತೆ ಊರೂರು ಅಲೆದು ಬರೀ ಸದ್ದುಗಳನ್ನು ಹಿಡಿದು ತಂದು, ಕತ್ತರಿಸಿ, ಒಂದಕ್ಕೊಂದು ಅಂಟಿಸಿ ‘ಬಾಗಿಲಿಲ್ಲದ ಮನೆ’ ಎಂದು ಹೆಸರಿಟ್ಟಿದ್ದ. ಅದರಲ್ಲಿ ಒಂದು ಹಾಡೂ ಇರಲಿಲ್ಲ.

ಭಾವಮೈದ ಕಣ್ಣು ಮುಚ್ಚಿ ಕೂತ. ಶ್ಶಣ್ಣನಿಗೆ ಇದು ಸ್ವಲ್ಪವೂ ಅರ್ಥವಾಗಲಿಲ್ಲ. ಆದರೆ ಹೆಂಡತಿಯ ತಮ್ಮನ ಮುಂದೆ ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವುದುಂಟೆ? ಅವನೂ ಕಣ್ಣು ಮುಚ್ಚಿ, ಆಗಾಗ ‘ಆಹಾ’ ಎನ್ನುತ್ತ ಕೂತ. ನಲ್ಲಿ ತೊಟ್ಟಿಕ್ಕಿತು, ಆಹಾ. ಯಾರೋ ತಗಡು ಎಳೆದರು, ಆಹಾ. ನಾಯಿ ಬೊಗಳಿತು, ಅದು ಬೀದಿಯ ನಾಯಿಯಾಗಿತ್ತು, ಅದಕ್ಕೂ ಆಹಾ. ಆಮೇಲೆ ಪುಸ್ತಕಕ್ಕೆ ಮುದ್ರೆ ಒತ್ತುವ ಧಡ್ ಧಡ್. ಅದರ ಹಿಂದೆಯೇ ‘ಹಾ… ಹಾ…’. ಒಂದು ಮೌನ.

‘ಆಕ್ಷೀ… ಉಯ್ಯೀ.’

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. “ರೀ, ಮಫ್ಲರ್ ಸುತ್ಕೊಳ್ಳಿ ಅಂತ ಬೆಳಿಗ್ಗೆಯಿಂದ ಬಡ್ಕೋತಿದ್ದೀನಿ.”

ಶ್ಶಣ್ಣ ಕಣ್ಣು ಬಿಟ್ಟ. ಭಾವಮೈದನೂ ಕಣ್ಣು ಬಿಟ್ಟ. ಶ್ಶಣ್ಣ ಸೀನಿರಲಿಲ್ಲ. ಭಾವಮೈದ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದ. ಈ ಸಲ ಹೆಂಡತಿ, ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳಬೇಕು, ಮನೆಗೆ ಬಂದವರ ಮುಖದ ಮೇಲೆ ಸೀನಬಾರದು ಎಂದಳು. ಮೂರನೇ ಸಲ ಹಾಕಿದಾಗ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಗಂಡ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದ, ಸೀನು ಮಾತ್ರ ಸ್ಪೀಕರಿನಿಂದ ಬರುತ್ತಿತ್ತು. ಸೀನಿನ ಬೆನ್ನಿಗೇ ಬಂದ ‘ಶ್ಶ್’ ಎಂಬ ಸದ್ದನ್ನು ಮೂವರೂ ಕೇಳಿಸಿಕೊಂಡರು.

ಆಗ ಶ್ಶಣ್ಣನಿಗೆ ನೆನಪಾಯಿತು. ಹಿಂದಿನ ವರ್ಷ ಟೋಪಿ ಹಾಕಿದ ಬೋಳುತಲೆಯವನೊಬ್ಬ, ಟೋಪಿಯ ಅಂಚಿನಿಂದ ಒಂದು ವಯರು ನೇತುಬಿಟ್ಟುಕೊಂಡು, ಒಂದು ವಾರ ಗ್ರಂಥಾಲಯಕ್ಕೆ ಬಂದಿದ್ದ. ವಿಶ್ವಕೋಶದ ಒಂದೇ ಸಂಪುಟ ತೆರೆದಿಟ್ಟುಕೊಂಡು, ಒಂದು ಪುಟವನ್ನೂ ಮಗುಚದೆ ದಿನವಿಡೀ ಕೂತಿರುತ್ತಿದ್ದ. ಇಷ್ಟು ನಿಶ್ಶಬ್ದವಾಗಿ ಓದುವ ಓದುಗನನ್ನು ಜನ್ಮದಲ್ಲೇ ಕಂಡಿಲ್ಲವೆಂದು ಶ್ಶಣ್ಣ ಅವನನ್ನು ಎಲ್ಲರಿಗೂ ತೋರಿಸಿ ಹೊಗಳಿದ್ದ.

ಭಾವಮೈದ ಎದ್ದು ಬಂದು ಭಾವನ ಕೈ ಕುಲುಕಿದ. ಹೆಂಡತಿ, ಇಷ್ಟು ವರ್ಷ ತಾನು ಸಹಿಸಿಕೊಂಡಿದ್ದನ್ನು ಜನ ಕಣ್ಣು ಮುಚ್ಚಿ ಕೂತು ಕೇಳುತ್ತಾರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಆದರೂ ಮಾರನೆಯ ದಿನ ನೀರು ಹಿಡಿಯುವಾಗ ಅವಳ ಬಾಯಿ ಸುಮ್ಮನಿರಲಿಲ್ಲ. ತಮ್ಮ ಮನೆಯ ಮಹಡಿಯ ಮೇಲಿದ್ದ ಮಾಲೀಕರ ಹೆಂಡತಿಗೆ, ನಮ್ಮೋರ ಸೀನೊಂದು ದೊಡ್ಡ ಕಲಾವಿದರ ಜೊತೆ ಬಂದಿದೆ ಎಂದಳು. ಸಂಜೆಯೊಳಗೆ ಆ ಮಾತು ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಶ್ಶಣ್ಣನಿಗೆ ಸಿನಿಮಾದಲ್ಲಿ ಒಂದು ಸೀನ್ ಸಿಕ್ಕಿದೆ ಎಂದಾಗಿತ್ತು. ಇಸ್ತ್ರಿ ಅಂಗಡಿಯವನು ಅವನನ್ನು ತಡೆದು, ಅಳೋ ಸೀನಾ ಹೊಡೆದಾಡೋ ಸೀನಾ ಎಂದು ವಿಚಾರಿಸಿದ. ಸುದ್ದಿ ಇಲ್ಲಿಯವರೆಗೂ ಬಂತಲ್ಲ ಎಂದು ಉಬ್ಬಿಹೋದ ಶ್ಶಣ್ಣ, ಇರೋದು ಒಂದೇ ಒಂದು ಸೀನು, ಆದರೆ ಕೂತವರೆಲ್ಲ ಬೆಚ್ಚಿಬೀಳುತ್ತಾರೆ ಎಂದ. ಹಾಗಾದರೆ ವಿಲನ್ ಪಾತ್ರವೇ ಇರಬೇಕೆಂದು ಇಸ್ತ್ರಿಯವನು ಬೀದಿಗೆಲ್ಲ ಖಚಿತಪಡಿಸಿದ. ವರ್ಷದಿಂದ ಸೋರುತ್ತಿದ್ದ ನಲ್ಲಿಯನ್ನು ತಿರುಗಿಯೂ ನೋಡದ ಮನೆ ಮಾಲೀಕರು ಮರುದಿನ ತಾವೇ ಪ್ಲಂಬರನ್ನು ಕರೆತಂದು, ನಟರಿರುವ ಮನೆ ಅಂದರೆ ಅಚ್ಚುಕಟ್ಟಾಗಿರಬೇಕು ಎಂದರು. ಪ್ಲಂಬರ್ ಹಳೇ ನಲ್ಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಾಗ ಮಾಲೀಕರು ಯಾವ ಸಿನಿಮಾ ಎಂದು ಕೇಳಿದರು. ಶ್ಶಣ್ಣ ವಿವರವಾಗಿ, ಮೂಗು ಸಮೇತ ತೋರಿಸಿ ಹೇಳಿದ. ಮಾಲೀಕರು ಕೇಳಿ ಮುಗಿಸಿ, ಹಳೇದನ್ನೇ ವಾಪಸ್ ಹಾಕಿಬಿಡಪ್ಪಾ ಎಂದು ಪ್ಲಂಬರಿಗೆ ಹೇಳಿ ಮೇಲೆ ಹೋದರು.

ಅಂದಿನಿಂದ ಅವನು ಬೀದಿಗಿಳಿದರೆ ಇಸ್ತ್ರಿಯವನಿಂದ ಹಿಡಿದು ಹಾಲಿನವನವರೆಗೆ ಒಬ್ಬರಲ್ಲ ಒಬ್ಬರು ‘ಆಕ್ಷೀ’ ಎಂದು ನಮಸ್ಕಾರ ಹೇಳತೊಡಗಿದರು. ಶ್ಶಣ್ಣ ಹಲ್ಲು ಕಚ್ಚಿದ. ಈ ಸೀನು ತನ್ನದೆಂದು ಊರೇ ಒಪ್ಪುವವರೆಗೆ ಬಿಡುವುದಿಲ್ಲವೆಂದು ಅವತ್ತೇ ನಿರ್ಧಾರ ಮಾಡಿದ. ಭಾವಮೈದನನ್ನು ಕೇಳಿದಾಗ, ಅದಕ್ಕೆ ಒಬ್ಬರೇ ಒಬ್ಬರ ಮಾತು ನಡೆಯುತ್ತೆ, ರಾಕ್ ರಸಿಕರ ಬಳಗದ ಅಧ್ಯಕ್ಷರು, ಅವರು ಹೌದೆಂದರೆ ಪತ್ರಿಕೆಯವರೂ ಹೌದೆನ್ನುತ್ತಾರೆ ಎಂದ.

ಅಧ್ಯಕ್ಷರು ಯಾರೆಂದು ಶ್ಶಣ್ಣನಿಗೆ ಗೊತ್ತಿತ್ತು. ಬಿಳಿ ಗಡ್ಡದ ಆ ನಿವೃತ್ತ ಅಧಿಕಾರಿ ದಿನಾ ಮಧ್ಯಾಹ್ನ ಊಟ ಮುಗಿಸಿ ಗ್ರಂಥಾಲಯಕ್ಕೆ ಬಂದು, ಉಬ್ಬಿಕೊಂಡ ಚೀಲ ಹೆಗಲಿಗೇರಿಸಿಕೊಂಡು, ಮಹಡಿಯ ಮೇಲಿನ ಪರಾಮರ್ಶನ ವಿಭಾಗಕ್ಕೆ ಹೋಗುತ್ತಿದ್ದರು. ಸಂಗೀತದ ಮೇಲೆ ಮಹಾಗ್ರಂಥವೊಂದನ್ನು ಬರೆಯುತ್ತಿದ್ದಾರೆಂದು ಪ್ರತೀತಿ. ಕೆಳಗೆ ಕೌಂಟರ್ ಬಿಟ್ಟು ಏಳುವ ಹಾಗಿಲ್ಲದ ಶ್ಶಣ್ಣ ಅವರನ್ನು ಕಂಡಾಗಲೆಲ್ಲ ಅರ್ಧ ಎದ್ದು ನಿಲ್ಲುತ್ತಿದ್ದ.

ಬಳಗದ ಆಲಿಸುವ ಕಾರ್ಯಕ್ರಮ ನಡೆದದ್ದು ಸೋಫಾ ಅಂಗಡಿಯೊಂದರ ಮಹಡಿಯಲ್ಲಿ. ಕೂರಲು ಮಾರಾಟದ ಸೋಫಾಗಳನ್ನೇ ಕೊಟ್ಟಿದ್ದರು, ಆದರೆ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದೆಂಬ ಷರತ್ತಿತ್ತು. ಹಾಗಾಗಿ ಯಾರಾದರೂ ಮಿಸುಕಿದರೆ ಚರಚರ ಸದ್ದು, ಅದು ಆಲ್ಬಮ್ಮಿನದೋ ಸೋಫಾದ್ದೋ ಗೊತ್ತಾಗದೆ ಜನ ಎರಡಕ್ಕೂ ತಲೆದೂಗುತ್ತಿದ್ದರು. ಸೀನು ಬಂದ ತಕ್ಷಣ ಅಧ್ಯಕ್ಷರು ಕೈಯೆತ್ತಿ ಆಲ್ಬಮ್ ನಿಲ್ಲಿಸಿ, ಇದು ನಾಗರಿಕತೆ ಒಡೆಯುವ ಸದ್ದು, ರೇಷ್ಮೆ ಬಟ್ಟೆ ಹರಿಯುವ ದನಿಗೆ ತುತ್ತೂರಿ ಬೆರೆಸಿ ಕಲಾವಿದ ತಿಂಗಳುಗಟ್ಟಲೆ ಒದ್ದಾಡಿ ಇದನ್ನು ಸೃಷ್ಟಿಸಿದ್ದಾನೆ ಎಂದು ವಿವರಿಸಿದರು.

ಶ್ಶಣ್ಣ ಎದ್ದು ನಿಂತ. ಸೋಫಾ ಚರಚರ ಅಂದಿತು.

“ಸಾರ್, ಅದು ನನ್ನ ಸೀನು.”

ಅಧ್ಯಕ್ಷರು ಸಿಟ್ಟಾಗಲಿಲ್ಲ. ಮಹಾನ್ ಕೃತಿಯಲ್ಲಿ ಪ್ರತಿಯೊಬ್ಬನೂ ತನ್ನನ್ನೇ ಕಾಣುತ್ತಾನೆ, ಸಂತೋಷ, ಕೂತುಕೊಳ್ಳಿ ಎಂದರು. ಶ್ಶಣ್ಣ ಕೂರಲಿಲ್ಲ. ಸದ್ದುಗಳೆಲ್ಲ ನಮ್ಮ ಗ್ರಂಥಾಲಯದ್ದೇ, ಬೇಕಾದರೆ ಮುಂದೆ ಕೇಳಿ ಎಂದ. ಮುಂದೆ ಬಂದದ್ದು ಒಂದು ದೀರ್ಘವಾದ, ಆಳವಾದ ಗೊರಗೊರ. ಏರುತ್ತ, ಇಳಿಯುತ್ತ, ನಡುವೆ ನಿಂತು, ಮತ್ತೆ ಹೊರಳಿಕೊಂಡು ಏಳುವ ಸದ್ದು. ಅಧ್ಯಕ್ಷರು ಇದು ಸಮುದ್ರದ ಒಡಲಿನ ಉಸಿರು, ಇಡೀ ಆಲ್ಬಮ್ಮಿನ ಹೃದಯವೇ ಇದು ಎಂದರು. ಶ್ಶಣ್ಣ ಥಟ್ಟನೆ ಗುರುತು ಹಿಡಿದ. “ಇದು ಪರಾಮರ್ಶನ ವಿಭಾಗದ ಫ್ಯಾನು ಸಾರ್. ಮಧ್ಯಾಹ್ನವಾದ್ರೆ ಹೀಗೇ ಸದ್ದು ಮಾಡುತ್ತೆ, ಕೆಳಗೆ ಕೌಂಟರಿಗೂ ಕೇಳಿಸುತ್ತೆ. ಎಷ್ಟು ಸಲ ಎಣ್ಣೆ ಬಿಡಿಸಿದ್ದೀನಿ. ನಿಮ್ಮ ಬರವಣಿಗೆಗೆ ತೊಂದರೆ ಆಗಬಾರದು ಅಂತ ಫ್ಯಾನನ್ನೇ ಬದಲಾಯಿಸಿದ್ದೂ ಆಯ್ತು.”

ಸಮುದ್ರವನ್ನು ಫ್ಯಾನು ಅಂದದ್ದು ಅಧ್ಯಕ್ಷರಿಗೆ ತಡೆದುಕೊಳ್ಳಲಾಗಲಿಲ್ಲ. ಅಷ್ಟೊಂದು ಖಾತ್ರಿಯಿದ್ದರೆ ಈಗಲೇ ಇಲ್ಲೇ ಸೀನಿ ತೋರಿಸಿ ಎಂದರು.

ಸೀನು ಹೇಳಿದ ಮಾತು ಕೇಳುವ ಪ್ರಾಣಿಯಲ್ಲ. ಶ್ಶಣ್ಣ ಟ್ಯೂಬ್‌ಲೈಟಿನತ್ತ ನೋಡಿದ. ಕರವಸ್ತ್ರದ ತುದಿ ಹೊಸೆದು ಮೂಗಿಗೆ ತೂರಿಸಿದ. ‘ಹಾ…’ ಬಂತು. ಎರಡನೇ ‘ಹಾ…’ ಕೂಡ ಬಂತು. ಆಮೇಲೆ ಬಂದ ಮೌನ ಮಾತ್ರ ಹಾಗೇ ಉಳಿದುಬಿಟ್ಟಿತು. ಭಾವಮೈದ ಪಕ್ಕದ ಸೋಫಾದವನ ಹಿಂದೆ ಮುಖ ಮರೆಸಿಕೊಂಡ. ಕೊನೆಗೆ ಅಧ್ಯಕ್ಷರು ಕೈಗಡಿಯಾರ ನೋಡಿಕೊಂಡು, ಚಹಾಕ್ಕೆ ವಿರಾಮ ಎಂದರು.

ಬೇರೆ ಯಾರಾದರೂ ಇಲ್ಲಿಗೆ ಕೈಬಿಡುತ್ತಿದ್ದರು. ಶ್ಶಣ್ಣ ಮರುದಿನವೇ ಗ್ರಂಥಾಲಯದ ಮುಖ್ಯಸ್ಥೆಯ ಕೋಣೆಗೆ ಹೋಗಿ, ಆಲ್ಬಮ್ಮನ್ನು ಓದುವ ಕೋಣೆಯಲ್ಲೇ ಹಾಕಿಸಿ, ದಿನನಿತ್ಯದ ಓದುಗರನ್ನೇ ಸಾಕ್ಷಿಗೆ ಕರೆಯಬೇಕೆಂದು ಕೇಳಿಕೊಂಡ. ಮೇಡಂ ಕಟ್ಟುನಿಟ್ಟಿನವರು. ಎಲ್ಲವನ್ನೂ ಕೇಳಿ ಮೊದಲು ಅಂದದ್ದು, ಇಲ್ಲಿ ಸೀನ್ ಮಾಡಬೇಡಿ ಎಂದು. ಆಮೇಲೆ ನಿಧಾನವಾಗಿ ವಿಷಯ ಬಿಡಿಸಿದರು.

“ಸೀನು ನಿಮ್ಮದಲ್ಲ ಅಂದ್ರೆ, ನೀವು ಊರಿಗೆಲ್ಲ ಸುಳ್ಳು ಹೇಳಿಕೊಂಡು ಓಡಾಡ್ತಿದ್ದೀರಿ. ನಿಮ್ಮದೇ ಅಂದ್ರೆ, ಒಬ್ಬ ನಿಮ್ಮ ಮೂಗಿನ ಕೆಳಗೇ ಕೂತು ವಾರವಿಡೀ ಧ್ವನಿಮುದ್ರಣ ಮಾಡಿದ್ದಾನೆ, ನಿಮಗೆ ಗೊತ್ತಾಗಿಲ್ಲ. ನಾನು ಮೇಲಿನವರಿಗೆ ವರದಿ ಮಾಡಬೇಕಾಗುತ್ತೆ. ನಿಮ್ಮನ್ನ ಕೆಳಗಿನ ದಾಸ್ತಾನು ಕೋಣೆಗೆ ಹಾಕಿದ್ರೂ ಹಾಕಬಹುದು. ಯಾವುದು ಹೇಳಿ?”

ದಾಸ್ತಾನು ಕೋಣೆಯೆಂದರೆ ಕಿಟಕಿಯಿಲ್ಲದ ಕತ್ತಲೆ, ಓದುಗರಿಲ್ಲದ ಜಾಗ. ಅಲ್ಲಿ ಶ್ಶ್ ಅನ್ನಲು ಇಲಿಗಳು ಬಿಟ್ಟರೆ ಯಾರೂ ಇಲ್ಲ. ಇದೊಂದು ಮಾತು ನುಂಗಿಬಿಟ್ಟರೆ ನಾಳೆಯಿಂದ ಎಲ್ಲ ಮೊದಲಿನಂತೆಯೇ ಇರುತ್ತದೆ. ಶ್ಶಣ್ಣ ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿ, ಅದರ ಕೆಳಗಿನ ಬಿಳಿ ಹಾಳೆಯನ್ನು ಮೇಡಂ ಮುಂದೆ ಸರಿಸಿದ.

“ಸೀನು ನಂದೇ ಮೇಡಂ. ಬರ್ಕೊಳ್ಳಿ,” ಅಂದ.

ವಾರದ ರಜೆಯ ದಿನ ವಿಚಾರಣೆ ಎಂದಾಯಿತು. ತಜ್ಞರಾಗಿ ಬರುವಂತೆ ಅಧ್ಯಕ್ಷರಿಗೆ ಹೇಳಿಕಳಿಸಿದರು. ಶ್ಶಣ್ಣನ ಕಡೆಯ ಮುಖ್ಯ ಸಾಕ್ಷಿ ಅವನ ಹೆಂಡತಿ. ಹೆಂಡತಿ ಗಂಡನ ಪರ ಹೇಳದೆ ಇನ್ನೇನು ಹೇಳುತ್ತಾಳೆ, ಇದು ಸಾಕ್ಷಿಯೇ ಅಲ್ಲ ಎಂದು ಅಧ್ಯಕ್ಷರು ಮೊದಲೇ ಆಕ್ಷೇಪಣೆ ತೆಗೆದರು. ಅದು ಶ್ಶಣ್ಣನ ಹೆಂಡತಿಯ ಕಿವಿಗೆ ಬಿತ್ತು. ಅಲ್ಲಿಯವರೆಗೆ ಈ ರಗಳೆಯೇ ಬೇಡವೆನ್ನುತ್ತಿದ್ದವಳು ಸೆರಗು ಬಿಗಿದುಕೊಂಡು ಅಧ್ಯಕ್ಷರ ಮನೆಗೇ ಹೋದಳು. ನಿಮ್ಮ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಸಾರ್, ಗಂಡನ ಸದ್ದು ಹೆಂಡತಿಗೆ ತಪ್ಪುತ್ತಾ ಇಲ್ಲವಾ ಅಂತ ಅವರೇ ಹೇಳಲಿ ಎಂದಳು. ಅಧ್ಯಕ್ಷರ ಹೆಂಡತಿ ಮಿತಭಾಷಿ, ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಹೆಣೆಯುತ್ತಿದ್ದ ಸ್ವೆಟರಿನಿಂದ ತಲೆಯೆತ್ತದೆ, ಬರ್ತೀನಿ ಎಂದರು.

ವಿಚಾರಣೆಯ ದಿನ ಮೇಡಂ ನಿಯಮ ಹೇಳಿದರು. ಹೆಂಗಸರಿಬ್ಬರೂ ಹೊರಗಿನ ಓಣಿಯಲ್ಲಿ ಕೂರಬೇಕು, ನಡುವೆ ಬಾಗಿಲು ಮುಚ್ಚಿರುತ್ತದೆ. ಒಳಗಿನಿಂದ ಯಾರೂ ಸನ್ನೆ ಮಾಡುವ ಹಾಗಿಲ್ಲ. ಶ್ಶಣ್ಣನ ಹೆಂಡತಿ ಗುರುತಿನ ಸದ್ದು ಕೇಳಿದರೆ ಬಾಗಿಲು ತಟ್ಟಬೇಕು. ಅಧ್ಯಕ್ಷರ ಹೆಂಡತಿ ಪಕ್ಕದಲ್ಲಿದ್ದು ನೋಡಿಕೊಳ್ಳಬೇಕು. ಒಳಗೆ ಓದುವ ಕೋಣೆಯಲ್ಲಿ ಹತ್ತಾರು ಕಾಯಂ ಓದುಗರು ಕೂತಿದ್ದರು. ಭಾವಮೈದ ಸ್ಪೀಕರ್ ಜೋಡಿಸಿದ. ಆ ಕೋಣೆ ಕಟ್ಟಿದಾಗಿನಿಂದ ಮೊದಲ ಬಾರಿಗೆ ಅಲ್ಲಿ ಬೇಕೆಂದೇ ಸದ್ದು ಮಾಡಲಾಯಿತು. ಶ್ಶಣ್ಣನ ಬೆರಳು ತಾನಾಗಿಯೇ ತುಟಿಯತ್ತ ಹೋಗುತ್ತಿತ್ತು, ಅವನು ಅದನ್ನು ಎಳೆದೆಳೆದು ಜೇಬಿಗಿಡುತ್ತಿದ್ದ.

ಸೀನು ಬಂತು. ಬಾಗಿಲಲ್ಲಿ ದಬದಬ ಸದ್ದಾಯಿತು. ಅಧ್ಯಕ್ಷರು ನಕ್ಕು, ಈಕೆ ಇದನ್ನು ಮನೆಯಲ್ಲಿ ಎಷ್ಟು ಸಲ ಕೇಳಿದ್ದಾರೋ, ಗಿಳಿಪಾಠ ಎಂದರು. ಓದುಗರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಯಂ ಪತ್ರಿಕೆ ಓದುವ ಒಬ್ಬರು, ಸೀನೇನೋ ಹಾಗೇ ಇದೆ, ಆದರೆ ಸ್ಪೀಕರಿನಲ್ಲಿ ಬಂದರೆ ನನ್ನ ದನಿಯೇ ನನಗೆ ಗುರುತು ಸಿಗುವುದಿಲ್ಲ ಎಂದು ಜಾರಿಕೊಂಡರು. ಮೇಡಂ ಪೆನ್ನು ಮುಚ್ಚಳ ತೆಗೆದರು. ಶ್ಶಣ್ಣನಿಗೆ ದಾಸ್ತಾನು ಕೋಣೆಯ ವಾಸನೆ ಬಂದಂತಾಯಿತು. ಆದರೂ ಅವನು, ಇನ್ನೊಂದು ಸಲ ಹಾಕಿ ಮೇಡಂ, ಸಂಜೆಯವರೆಗೆ ಹಾಕಿದರೂ ಸೀನು ನನ್ನದೇ ಆಗಿರುತ್ತದೆ ಎಂದ.

ಅಷ್ಟರಲ್ಲಿ ಆಲ್ಬಮ್ ಮುಂದಕ್ಕೋಡಿ ಗೊರಗೊರ ಶುರುವಾಗಿತ್ತು. ಅಧ್ಯಕ್ಷರು ಕೈ ಮೇಲೆತ್ತಿ, ಸೀನು ಗೀನು ಬಿಟ್ಟು ಇದನ್ನಾದರೂ ಕೇಳಿಸಿಕೊಳ್ಳಿ, ಸಮುದ್ರದ ಒಡಲು ಉಸಿರಾಡುತ್ತಿದೆ ಎಂದರು.

ಬಾಗಿಲು ತೆರೆಯಿತು. ಅಧ್ಯಕ್ಷರ ಹೆಂಡತಿ ನಿಂತಿದ್ದರು. ಕಣ್ಣು ಕೈಯಲ್ಲಿದ್ದ ಹೆಣಿಗೆಯ ಮೇಲೇ ಇತ್ತು.

“ರೀ, ಆ ಕಡೆ ತಿರುಗಿ ಮಲ್ಕೊಳ್ಳಿ.”

ಹೇಳಿ ತಲೆಯೆತ್ತಿ ನೋಡಿದರು. ಗಂಡ ಎಚ್ಚರವಾಗಿದ್ದು, ಕೈ ಮೇಲೆತ್ತಿಕೊಂಡು ನಿಂತಿದ್ದರು. ಗೊರಕೆ ಮಾತ್ರ ನಡೆದೇ ಇತ್ತು.

ಅಧ್ಯಕ್ಷರು ಮೊದಲು ಸಾವರಿಸಿಕೊಂಡು, ಇದು ಕಲಾವಿದ ಸ್ಟುಡಿಯೋದಲ್ಲಿ ಮಾಡಿದ ಅನುಕರಣೆ ಎಂದರು.

“ಅನುಕರಣೆನಾ? ಮಧ್ಯದಲ್ಲಿ ಉಸಿರು ನಿಂತು, ನಾನು ಗಾಬರಿಯಾಗಿ ಎದ್ದು ದೀಪ ಹಾಕೋಷ್ಟರಲ್ಲಿ ಮತ್ತೆ ಶುರುವಾಗುತ್ತಲ್ಲ, ಅದನ್ನ ಬೇರೆ ಯಾರಿಗೆ ಮಾಡೋಕೆ ಬರುತ್ತೆ?”

ಆಲ್ಬಮ್ಮಿನಲ್ಲಿ ಗೊರಕೆ ನಿಂತಿತು. ಕೋಣೆಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಆ ಪತ್ರಿಕೆ ಓದುವವರು ಕುರ್ಚಿಯಿಂದ ಅರ್ಧ ಎದ್ದರು. ಗೊರ್ ಎಂದು ಮತ್ತೆ ಶುರುವಾಯಿತು. ಎಲ್ಲರಿಗೂ ಜೀವ ಬಂದಂತಾಯಿತು.

ಮುಖ್ಯೋಪಾಧ್ಯಾಯಿನಿ ಅಷ್ಟಕ್ಕೇ ಬಿಡಲಿಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಬರೆಯುತ್ತೀನಿ ಎಂದು ಇಷ್ಟು ವರ್ಷ ದಿನಾ ಬರುತ್ತಿದ್ದಿರಲ್ಲ, ಎಷ್ಟನೇ ಅಧ್ಯಾಯದಲ್ಲಿದ್ದೀರಿ ಎಂದು ಶಾಂತವಾಗಿ ಕೇಳಿದರು. ಚೀಲ ಅಲ್ಲೇ ಮೇಜಿನ ಮೇಲಿತ್ತು. ಬಿಚ್ಚಿ ನೋಡಿದರೆ ಒಳಗೆ ಹತ್ತಿಯ ದಿಂಬು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಹಾಗಾದರೆ ನಾವು ಕಳಚಿ ಬಿಸಾಡಿದ ಫ್ಯಾನುಗಳೆಲ್ಲ ಚೆನ್ನಾಗಿಯೇ ಇದ್ದವು ಅನ್ನಿ ಎಂದು ಶ್ಶಣ್ಣನನ್ನು ಕೇಳಿದರು. ಶ್ಶಣ್ಣನಿಗೆ ತನ್ನ ಗೆಲುವಿಗಿಂತ ಆ ಫ್ಯಾನುಗಳಿಗೆ ಆದ ಅನ್ಯಾಯವೇ ಹೆಚ್ಚು ಕಾಡಿತು.

ಗೊರಕೆ ಇಲ್ಲಿಯದೆಂದ ಮೇಲೆ ಸೀನೂ ಇಲ್ಲಿಯದೇ. ಮೇಡಂ ತೀರ್ಪು ಕೊಟ್ಟರು. ಸೀನುವುದು ತಪ್ಪಲ್ಲ. ಟೋಪಿಯಿಂದ ವಯರು ನೇತಾಡುವ ಓದುಗನನ್ನು ವಿಚಾರಿಸದೆ ಹೊಗಳಿದ್ದು ತಪ್ಪು. ಅದಕ್ಕೆ ಶಿಕ್ಷೆ ದಾಸ್ತಾನು ಕೋಣೆಯಲ್ಲ, ಇನ್ನು ಮೇಲೆ ಶ್ಶಣ್ಣ ಮಧ್ಯಾಹ್ನ ಮಹಡಿ ಹತ್ತಿ ಪರಾಮರ್ಶನ ವಿಭಾಗದಲ್ಲಿ ಮಲಗಿದವರನ್ನೆಲ್ಲ ಎಬ್ಬಿಸಿ ಬರಬೇಕು. ಆಲ್ಬಮ್ಮಿನ ಒಂದು ಪ್ರತಿಯನ್ನು ಮೇಡಂ ಗ್ರಂಥಾಲಯಕ್ಕೂ ತರಿಸಿದರು. ಸಂಗೀತದ ಕಪಾಟಿನಲ್ಲಿಡಲು ಅವರ ಮನಸ್ಸು ಒಪ್ಪಲಿಲ್ಲ. ಬಹಳ ಯೋಚಿಸಿ ಸ್ಥಳೀಯ ಇತಿಹಾಸದಲ್ಲಿ ಇಡಿಸಿದರು.

ಅಧ್ಯಕ್ಷರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಬೇರೆಯೇ ಮನುಷ್ಯರಾಗಿದ್ದರು. ಕಲಾವಿದ ಊರೂರು ಸುತ್ತಿ ಕೊನೆಗೆ ನನ್ನನ್ನು ಆರಿಸಿಕೊಂಡಿದ್ದಾನೆ, ಇದರ ಅರ್ಥ ನಿಮಗಾಗುತ್ತಿದೆಯೇ ಎಂದು ಸಿಕ್ಕಸಿಕ್ಕವರನ್ನು ಕೇಳತೊಡಗಿದರು. ಬಳಗದಿಂದ ಇಬ್ಬರಿಗೂ ಸನ್ಮಾನ ಎಂದು ಅವರೇ ಗೊತ್ತುಮಾಡಿದರು. ಇಸ್ತ್ರಿ ಅಂಗಡಿಯವನು ಶ್ಶಣ್ಣನ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಹಾಕಿಕೊಟ್ಟ. ಮನೆ ಮಾಲೀಕರು ಹೊಸ ನಲ್ಲಿಯ ಜೊತೆ ಪ್ಲಂಬರನ್ನು ಮತ್ತೆ ಕಳಿಸಿದರು.

ಭಾನುವಾರ ಮಧ್ಯಾಹ್ನ ಸೋಫಾ ಅಂಗಡಿಯ ಮಹಡಿ ತುಂಬಿತ್ತು. ಅಧ್ಯಕ್ಷರು ಗೊರಕೆಯ ತಾತ್ವಿಕ ನೆಲೆಗಳ ಬಗ್ಗೆ ಒಂದೂವರೆ ಗಂಟೆ ಮಾತನಾಡಿದರು. ನನ್ನದು ಹಲವು ನಿಮಿಷ ಹರಡಿಕೊಂಡಿದೆ, ಇವರದು ಬಂದು ಹೋಗುವ ಸೀನು ಎಂದು ನಡುವೆ ಎರಡು ಸಲ ನೆನಪಿಸಿದರು. ಶ್ಶಣ್ಣನಿಗೆ ಮಾತಿಗೆ ಸಿಕ್ಕಿದ್ದು ಎರಡೇ ನಿಮಿಷ. ಅವನು ನೆಟ್ಟಗೆ ನಿಂತು, ಚಿಕ್ಕದಿರಲಿ, ದೊಡ್ಡದಿರಲಿ, ನನ್ನದು ನನ್ನದೇ ಎಂದು ಹೇಳಿ ಕೂತ. ಜೋರು ಚಪ್ಪಾಳೆ ಬಿತ್ತು. ಹೆಂಡತಿ ನೋಡಿದಳಾ ಎಂದು ಅವನು ಮುಂದಿನ ಸಾಲಿನತ್ತ ಕತ್ತು ಚಾಚಿದ. ಅಲ್ಲಿ ಅವಳಿಗೂ ಅಧ್ಯಕ್ಷರ ಹೆಂಡತಿಗೂ ಇಟ್ಟಿದ್ದ ಸೋಫಾ ಖಾಲಿಯಿತ್ತು.

ಸಂಜೆ ಮನೆಗೆ ಬಂದರೆ ಬೀಗ. ಅಧ್ಯಕ್ಷರ ಜೊತೆ ಅವರ ಮನೆಗೆ ಹೋದ. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಬಾಗಿಲು ತೆರೆದವಳು ಶ್ಶಣ್ಣನ ಹೆಂಡತಿಯೇ. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಅವಳ ಹಿಂದೆ ಮುಖ್ಯೋಪಾಧ್ಯಾಯಿನಿ ಮೈಮುರಿಯುತ್ತ ನಿಂತಿದ್ದರು. ಊಟ ಮುಗಿಸಿ ಮಲಗಿದವರು ಈಗ ಎದ್ದಿದ್ದರು.

ಶ್ಶಣ್ಣನಿಗೆ ನೋವಾಯಿತು. ಊರೇ ಬಂದಿತ್ತು, ನೀನೊಬ್ಬಳು ಏನೂ ಕೇಳಿಸಿಕೊಳ್ಳಲಿಲ್ಲವಲ್ಲ ಎಂದ.

“ಹೌದು ರೀ, ಏನೂ ಕೇಳಿಸ್ಲಿಲ್ಲ,” ಅಂದಳು ಹೆಂಡತಿ, ಮುಖವೆಲ್ಲ ಅರಳಿಸಿಕೊಂಡು. “ಎಷ್ಟು ಚೆನ್ನಾಗಿತ್ತು ಗೊತ್ತಾ?”